ಮುಟ್ಟದೆ ಕಳಿಸಿದವರು

ಜನವರಿ ೮

ತಮ್ಮಾ,

ಫೋನಿನಲ್ಲಿ ನೀನು ಬರೀ ಹೂಂ, ಹೂಂ ಅನ್ನುತ್ತೀಯ. ಹೂಂ ಅಂದದ್ದನ್ನು ಆಮೇಲೆ ತೋರಿಸಿ ಕೇಳೋಕಾಗಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ನೀನೂ ಕಾಗದದಲ್ಲೇ ಉತ್ತರ ಕೊಡು.

ನೀನು ಕಳಿಸಿದ ಫಾರಂಗಳು ಬಂದವು. ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಏಳೂ ಕಡೆ ಸಹಿ ಮಾಡಿ ಇದರ ಜೊತೆಗೇ ಇಟ್ಟಿದ್ದೇನೆ. ಅಕ್ಷರ ಎಷ್ಟು ಸಣ್ಣ ಅಂದರೆ, ಕನ್ನಡಕ ಹುಡುಕಿ ಮೊದಲ ಪುಟ ಮುಗಿಸುವಷ್ಟರಲ್ಲಿ ಕಾಲು ಉಳುಕಿಸಿಕೊಂಡವಳೊಬ್ಬಳು ಬಂದು ಕೂತಳು. ಉಳಿದದ್ದನ್ನು ಓದಲಿಲ್ಲ. ಆರೋಗ್ಯ ಕಚೇರಿಯಲ್ಲಿ ಕೂತು ಇದನ್ನೆಲ್ಲ ತಯಾರು ಮಾಡಿದವನೇ ನೀನು, ನೀನು ಓದಿರುತ್ತೀಯಲ್ಲ.

ನಾಟಿ ವೈದ್ಯರನ್ನು ಆರೋಗ್ಯ ಕೇಂದ್ರಗಳಲ್ಲಿ ಕೂರಿಸುವ ನಿಮ್ಮ ಯೋಜನೆಯ ಆರು ತಿಂಗಳ ತರಬೇತಿ ಮುಗಿಸಿ ಬಂದಮೇಲೆ ಜನ ನನ್ನನ್ನು ನೋಡುವ ರೀತಿಯೇ ಬದಲಾಗಿದೆ. ಮೂವತ್ತು ವರ್ಷ ನಮ್ಮ ಮನೆ ಜಗಲಿಯಲ್ಲಿ ಮೂಳೆ ಕಟ್ಟಿಸಿಕೊಂಡವರೇ ಈಗ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುತ್ತಾರೆ. ನರ್ಸಮ್ಮ ಡಾಕ್ಟರ ಕುರ್ಚಿಯ ಮೇಲೆ ಹನ್ನೊಂದು ವರ್ಷದಿಂದ ಕೊಡೆ ಒಣಗಿಸುತ್ತಿದ್ದಳು. ಅದನ್ನು ತೆಗೆದು, ಒರೆಸಿ, "ಕೂತ್ಕೊಳಿ" ಅಂದಳು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಸಿಕೊಂಡೆ. ಅದು ಡಾಕ್ಟರ ಕುರ್ಚಿ, ಅವರು ಬರುವವರೆಗೆ ನಾನು ಇರುತ್ತೇನೆ ಅಷ್ಟೆ.

ನಿನಗೆ ಮೊದಲೇ ಹೇಳಿದ್ದನ್ನು ಇನ್ನೊಮ್ಮೆ ಹೇಳುತ್ತೇನೆ. ಮೂಳೆ ಚರ್ಮ ಸೀಳಿ ಹೊರಗೆ ಬಂದಿದ್ದರೆ, ತಲೆಗೆ ಏಟು ಬಿದ್ದು ವಾಂತಿ ಆದರೆ, ಬೆರಳು ತಣ್ಣಗಾಗಿ ನೀಲಿ ತಿರುಗಿದರೆ ನಾನು ಮುಟ್ಟುವುದಿಲ್ಲ. ಮಣಿಕಟ್ಟಿಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿ ಪೇಟೆ ಆಸ್ಪತ್ರೆಗೆ ಕಳಿಸುತ್ತೇನೆ. ಪಟ್ಟಿ ಕಂಡರೆ, ನಾವು ಎಣ್ಣೆ, ಸೊಪ್ಪು, ಕಟ್ಟು ಏನನ್ನೂ ಹಾಕಿಲ್ಲ ಅಂತ ಅಲ್ಲಿನ ಡಾಕ್ಟರಿಗೆ ತಿಳಿಯಲಿ ಅಂತ ಅಪ್ಪ ಮಾಡಿದ ಪದ್ಧತಿ. ಆ ಪದ್ಧತಿ ನಡೆಯಬೇಕಾದರೆ ಕಳಿಸಿದಲ್ಲಿ ಯಾರಾದರೂ ಇರಬೇಕು. ವಾರಕ್ಕೊಮ್ಮೆ ಬರುವ ಗುರುವಾರದ ಡಾಕ್ಟರಮ್ಮ ನಿಲ್ಲಬಾರದು, ಆಂಬುಲೆನ್ಸು ನಿಲ್ಲಬಾರದು, ಕಾಯಂ ಡಾಕ್ಟರನ್ನು ಹುಡುಕುವುದೂ ನಿಲ್ಲಬಾರದು. ಹೌದು ಅಂತ ಬರೆದು ಕಳಿಸು.

ನಿನ್ನ ಅಕ್ಕ

*

ಜನವರಿ ೧೯

ಪ್ರೀತಿಯ ಅಕ್ಕ,

ಹೌದು, ಹೌದು, ಹೌದು. ಮೂರಕ್ಕೂ ಸೇರಿ ಮೂರು ಸಲ ಬರೆದಿದ್ದೇನೆ, ಸಾಕಾ? ಡಾಕ್ಟರಮ್ಮ ಬರುತ್ತಾರೆ, ಗಾಡಿ ಬರುತ್ತದೆ, ಡಾಕ್ಟರ ಹುದ್ದೆ ಎಲ್ಲಿಗೂ ಓಡಿಹೋಗುವುದಿಲ್ಲ.

ಸ್ಟೂಲಿನ ಕಥೆಯನ್ನು ಇಲ್ಲಿ ಹೇಳಿದೆ, ಎಲ್ಲರೂ ನಕ್ಕರು. ನಮ್ಮ ದೊಡ್ಡ ಸಾಹೇಬರು, "ಇಂಥವರು ಹತ್ತು ಜನ ಸಿಕ್ಕರೆ ಸಾಕು" ಅಂದರು. ಅಪ್ಪನ ವಿದ್ಯೆಗೆ ಸರ್ಕಾರದ ಮೊಹರು ಬಿತ್ತು ಅಂತ ನನಗೆ ಎಷ್ಟು ಖುಷಿ ಗೊತ್ತಾ? ರಕ್ತ ಕಂಡರೆ ಬವಳಿ ಬಂದು ಬೀಳುತ್ತಿದ್ದ ನನ್ನಿಂದ ಅವರ ಹೆಸರು ಉಳಿಯುತ್ತಿರಲಿಲ್ಲ, ನಿನ್ನಿಂದ ಉಳಿಯಿತು.

ಒಂದು ಮಾತು. ಹೊಸ್ತಿಲು ದಾಟಿ ಒಳಗೆ ಬಂದ ಪ್ರತಿಯೊಬ್ಬರ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ನೀನು ಮುಟ್ಟು, ಬಿಡು, ಹೆಸರು ಮಾತ್ರ ಇರಬೇಕು. ತಿಂಗಳ ಕೊನೆಗೆ ನಕಲು ನನಗೆ ಕಳಿಸು.

ನಿನ್ನ ತಮ್ಮ

*

ಮಾರ್ಚ್ ೨೭

ತಮ್ಮಾ,

ಕಾಗದ ತಡವಾಯಿತು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಜನ ಕೂತಿರುತ್ತಾರೆ. ಬೋರ್ಡಿನಲ್ಲಿ ನನ್ನ ಹೆಸರು ಕಂಡದ್ದೇ ತಡ, ಜ್ವರದವರು, ಎದೆನೋವಿನವರು, ಬಸುರಿಯರು, ಹಲ್ಲುನೋವಿನವರು ಎಲ್ಲರೂ ಬಂದರು. ಒಬ್ಬ ತಾತ ಕಿವಿ ಕೇಳಲ್ಲ ಅಂತ ಬಂದ. "ನಾನು ಮೂಳೆ ಕಟ್ಟುವವಳು ತಾತ" ಅಂತ ನಾಲ್ಕು ಸಲ ಕೂಗಿದೆ. "ಆಯ್ತಮ್ಮ, ಕಟ್ಟು" ಅಂದ.

ಗುರುವಾರದ ಡಾಕ್ಟರಮ್ಮನಿಗೂ ನನಗೂ ಚೆನ್ನಾಗಿ ಹೊಂದಿದೆ. ಮೊದಮೊದಲು ನನ್ನ ಎಣ್ಣೆ ಬಾಟಲಿಗಳನ್ನು ಕಂಡು ಮೂಗು ಮುರಿಯುತ್ತಿದ್ದರು. ಒಂದು ದಿನ ಜಾರಿದ ಭುಜವೊಂದನ್ನು ನಾನು ಕೂರಿಸುವುದನ್ನು ಪಕ್ಕದಲ್ಲಿ ನಿಂತು ನೋಡಿದರು. ಆಮೇಲೆ ತಾವೇ ಕೈ ಕೊಟ್ಟು, "ಎಲ್ಲಿ ಒತ್ತಿದ್ರಿ, ನನಗೂ ತೋರಿಸಿ" ಅಂದರು. ಯಾವ ನೋವಿಗೆ ಯಾವ ಮಾತ್ರೆ ಕೊಡಬಾರದು ಅಂತ ಅವರು ನನಗೆ ಹೇಳಿಕೊಡುತ್ತಾರೆ. ನಾನು ಕಳಿಸುವವರ ಹೆಸರು ಬರೆದಿಟ್ಟು ಅವರ ಕೈಗೆ ಕೊಡುತ್ತೇನೆ, ಅವರು ಪೇಟೆ ಆಸ್ಪತ್ರೆಗೆ ಚೀಟಿ ಬರೆಯುತ್ತಾರೆ. ಹೀಗೆ ನಡೆದರೆ ನಿನ್ನ ಯೋಜನೆಯನ್ನು ನಾನೂ ಹೊಗಳುತ್ತೇನೆ, ಬರೆದಿಟ್ಟುಕೋ.

ರಿಜಿಸ್ಟರಿನ ವಿಷಯ. ನೀನು ಕಳಿಸಿದ ಪುಸ್ತಕದಲ್ಲಿ ಎರಡೇ ಕಾಲಮ್ಮು, ಬಂದವರ ಹೆಸರು ಒಂದು, ಕಾಯಿಲೆ ಒಂದು. ಮುಟ್ಟದೆ ಕಳಿಸಿದವರನ್ನು ಎಲ್ಲಿ ಬರೆಯೋದು? ಸ್ಕೇಲು ಹಿಡಿದು ಪುಟಪುಟಕ್ಕೂ ನಾನೇ ಇನ್ನೊಂದು ಗೆರೆ ಎಳೆದು "ಕಳಿಸಿದ್ದು" ಅಂತ ಮೂರನೇ ಕಾಲಮ್ಮು ಮಾಡಿದ್ದೇನೆ. ಎರಡು ತಿಂಗಳಲ್ಲಿ ಬಂದವರು ಇನ್ನೂರ ಹನ್ನೆರಡು. ನಾನು ನೋಡಿದ್ದು ನೂರ ಮೂವತ್ತೊಂದು. ಉಳಿದ ಎಂಬತ್ತೊಂದು ಜನ ಡಾಕ್ಟರು ಬೇಕಾದವರು. ಈ ಎಂಬತ್ತೊಂದನ್ನು ನಿಮ್ಮ ಸಾಹೇಬರ ಮೇಜಿನ ಮೇಲಿಡು. ಹನ್ನೊಂದು ವರ್ಷದಿಂದ ನಾವು ಕೊಟ್ಟ ಅರ್ಜಿಗಳು ಮಾಡದ ಕೆಲಸವನ್ನು ಈ ಪಟ್ಟಿ ಮಾಡುತ್ತದೆ, ನೋಡುತ್ತಿರು.

ಅಕ್ಕ

*

ಏಪ್ರಿಲ್ ೧೫

ಪ್ರೀತಿಯ ಅಕ್ಕ,

ಇನ್ನೂರ ಹನ್ನೆರಡು! ಜಿಲ್ಲೆಯಲ್ಲೇ ನಿನ್ನ ಕೇಂದ್ರ ಮೊದಲು. ಸಭೆಯಲ್ಲಿ ಆ ಸಂಖ್ಯೆಯನ್ನು ಪರದೆಯ ಮೇಲೆ ಹಾಕಿದಾಗ ಚಪ್ಪಾಳೆ ಬಿತ್ತು. ಮುಂದಿನ ವಾರ ಫೋಟೋ ತೆಗೆಯುವವನು ಬರುತ್ತಾನೆ. ದಯವಿಟ್ಟು ಅವತ್ತೊಂದು ದಿನ ಕುರ್ಚಿಯ ಮೇಲೆ ಕೂತುಕೋ, ಸ್ಟೂಲು ಚೆನ್ನಾಗಿ ಕಾಣುವುದಿಲ್ಲ. ಕೆಲಸ ಬಹಳ. ಆಮೇಲೆ ಬರೆಯುತ್ತೇನೆ.

ನಿನ್ನ ತಮ್ಮ

*

ಜೂನ್ ೨

ತಮ್ಮಾ,

ಎಂಬತ್ತೊಂದರ ಬಗ್ಗೆ ನೀನು ಒಂದಕ್ಷರವೂ ಬರೆಯಲಿಲ್ಲ. ಕೆಲಸದ ಗಡಿಬಿಡಿ ಇರಬೇಕು ಅಂದುಕೊಂಡು ಸುಮ್ಮನಿದ್ದೆ.

ಈಗ ನಾಲ್ಕು ಗುರುವಾರ ಆಯಿತು, ಡಾಕ್ಟರಮ್ಮ ಬಂದಿಲ್ಲ. ಹುಷಾರಿಲ್ಲವೇನೋ ಅಂದುಕೊಂಡೆ. ನರ್ಸಮ್ಮ ಫೋನು ಮಾಡಿದರೆ, "ನನ್ನನ್ನು ಬೇರೆ ಕಡೆ ಹಾಕಿದ್ದಾರೆ" ಅಂತ ಮುಖಕ್ಕೆ ಹೊಡೆದಂತೆ ಹೇಳಿ ಇಟ್ಟರಂತೆ. ಜನ ಗುರುವಾರ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ಮಧ್ಯಾಹ್ನದವರೆಗೆ ಕಾಯುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ. ಏನಾಯಿತು ಅಂತ ಕೂಡಲೇ ತಿಳಿಸು.

ಅಕ್ಕ

*

ಜೂನ್ ೨೧

ತಮ್ಮಾ,

ನಿನ್ನ ಉತ್ತರ ಬರಲಿಲ್ಲ. ಫೋನೂ ಎತ್ತುತ್ತಿಲ್ಲ. ಈಗ ಬರೆಯುತ್ತಿರುವುದನ್ನು ನಿಂತು ಓದಬೇಡ, ಕೂತು ಓದು.

ಹೋದ ಸೋಮವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಎದುರಿನ ದರ್ಜಿ ತನ್ನ ಅಂಗಡಿಯ ಬೋರ್ಡು ಸರಿಮಾಡಲು ಏಣಿ ಹತ್ತಿ ಬಿದ್ದ. ಕೇಂದ್ರಕ್ಕೆ ಹೊತ್ತು ತಂದರು. ಮೊಣಕಾಲಿನ ಕೆಳಗೆ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ನಾನು ತೊಳೆದ ಬಟ್ಟೆ ಮುಚ್ಚಿ, ಕಾಲು ಅಲುಗದ ಹಾಗೆ ಎರಡು ಕಡೆ ದಿಂಬು ಇಟ್ಟು, ಮಣಿಕಟ್ಟಿಗೆ ಪಟ್ಟಿ ಕಟ್ಟಿದೆ. ನರ್ಸಮ್ಮ ಆಂಬುಲೆನ್ಸಿಗೆ ಫೋನು ಹಚ್ಚಿದಳು. "ನಿಮ್ಮ ಕೇಂದ್ರ ನಮ್ಮ ಪಟ್ಟಿಯಲ್ಲಿಲ್ಲ, ನಿಮ್ಮಲ್ಲೇ ವೈದ್ಯರಿದ್ದಾರಲ್ಲ" ಅಂದರು. ನಾನು ಫೋನು ಕಸಿದುಕೊಂಡು, "ಆ ವೈದ್ಯೆ ನಾನೇ, ನನ್ನಿಂದ ಆಗಲ್ಲ ಅಂತಲೇ ಕರೀತಿರೋದು" ಅಂತ ಕಿರುಚಿದೆ. ಇಟ್ಟುಬಿಟ್ಟರು.

ದರ್ಜಿಯ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡಳು. "ನೀವು ಎಷ್ಟು ಜನರ ಕಾಲು ಕೂರಿಸಿದ್ದೀರಿ, ಇವರದ್ದೂ ಕೂರಿಸಿ." ಇಲ್ಲ ಅಂದೆ. "ಇಷ್ಟು ದಿನ ಡಾಕ್ಟರ ರೂಮಲ್ಲಿ ಕೂತಿದ್ದೀರಿ, ಮುಟ್ಟೋಕೇನಾಗಿತ್ತು ನಿಮಗೆ?" ಅಂತ ಅಲ್ಲಿದ್ದವರೆಲ್ಲರ ಮುಂದೆ ಕೇಳಿದಳು.

ಕೊನೆಗೆ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಮಲಗಿಸಿ ಕಳಿಸಿದೆವು. ಪೇಟೆ ತಲುಪಲು ಮೂರು ಗಂಟೆ. ಅಲ್ಲಿ, ವೈದ್ಯರಿರುವ ಕೇಂದ್ರದಿಂದ ಬಂದವರು ವೈದ್ಯರ ಚೀಟಿ ತರಬೇಕು ಅಂದರಂತೆ. ನಾನು ಬರೆದುಕೊಟ್ಟಿದ್ದ ಚೀಟಿ ತೋರಿಸಿದರೆ, ಈ ಸಹಿ ನಡೆಯಲ್ಲ ಅಂದರಂತೆ. ಅವನ ಹೆಂಡತಿ ಕೌಂಟರಿನಿಂದ ಕೌಂಟರಿಗೆ ಓಡಾಡಿ, ಒಳಗೆ ಸೇರಿಸಿಕೊಳ್ಳುವ ಹೊತ್ತಿಗೆ ಸಂಜೆಯಾಗಿತ್ತು.

ವೈದ್ಯೆ ಇದ್ದಾಳೆ ಅಂತ ಗಾಡಿ ಬರಲ್ಲ. ಆ ವೈದ್ಯೆಯ ಸಹಿ ನಡೆಯಲ್ಲ. ಹಾಗಾದರೆ ನಾನು ಯಾರು ಅಲ್ಲಿ? ಉತ್ತರ ಕೊಡು.

ಅಕ್ಕ

*

ಜುಲೈ ೫

ಪ್ರೀತಿಯ ಅಕ್ಕ,

ದರ್ಜಿಯ ವಿಷಯ ಓದಿ ಬೇಜಾರಾಯಿತು. ಹೊಸ ವ್ಯವಸ್ಥೆಯಲ್ಲಿ ಶುರುವಿಗೆ ಇಂಥ ಸಣ್ಣಪುಟ್ಟ ತೊಡಕು ಇದ್ದದ್ದೇ. ಸಂಬಂಧಪಟ್ಟವರ ಗಮನಕ್ಕೆ ತಂದಿದ್ದೇನೆ.

ಒಳ್ಳೆ ಸುದ್ದಿ ಹೇಳಬೇಕು. ಯೋಜನೆ ಇನ್ನೂ ನಲವತ್ತು ಕೇಂದ್ರಗಳಿಗೆ ಹೋಗುತ್ತಿದೆ. ಮುಂದಿನ ತಿಂಗಳ ಸಮಾರಂಭದಲ್ಲಿ ನಿನಗೆ ಸನ್ಮಾನ. ವೇದಿಕೆಯಲ್ಲಿ ನಾಲ್ಕು ಮಾತು ಆಡಬೇಕು, ನಾನೇ ಬರೆದು ಕಳಿಸುತ್ತೇನೆ. ಹೊಸ ಸೀರೆಯನ್ನು ನನ್ನ ಹೆಂಡತಿ ಆರಿಸಿಟ್ಟಿದ್ದಾಳೆ.

ನಿನ್ನ ತಮ್ಮ

*

ಜುಲೈ ೨೮

ಸಣ್ಣಪುಟ್ಟ ತೊಡಕು ಅಂದೆಯಲ್ಲ, ಆ ಸಣ್ಣಪುಟ್ಟ ತೊಡಕನ್ನು ನೋಡಲು ಪೇಟೆ ಆಸ್ಪತ್ರೆಗೆ ಹೋಗಿದ್ದೆ. ಗಾಯ ಕೊಳೆತು ದರ್ಜಿಯ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದಾರೆ. ಬಲಗಾಲು. ಹೊಲಿಗೆ ಮಿಷಿನ್ನು ತುಳಿಯುವ ಕಾಲು.

ಹೊರಗೆ ಬಂದಾಗ ಗುರುವಾರದ ಡಾಕ್ಟರಮ್ಮ ಸಿಕ್ಕರು. ನಾನು ನಕ್ಕೆ, ಅವರು ನಗಲಿಲ್ಲ. ಯಾಕೆ ಬರುವುದು ಬಿಟ್ಟಿರಿ ಅಂತ ಕೇಳಿದೆ. "ನಾನು ಬೇಡ ಅಂತ ಬರೆದುಕೊಟ್ಟವರು ನೀವು. ನನಗೇ ಒಂದು ಮಾತು ಹೇಳಬಹುದಿತ್ತಲ್ಲ, ನಾನು ನಿಮ್ಮನ್ನು ಸ್ವಂತ ಅಕ್ಕನ ಹಾಗೆ ನೋಡಿದ್ದೆ" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಅದು ಅವರಿಗೂ ಗೊತ್ತಾಯಿತೇನೋ, ಕ್ಯಾಂಟೀನಿನಲ್ಲಿ ಕೂರಿಸಿ, ಟೀ ತರಿಸಿ, ಅವರ ವರ್ಗಾವಣೆಯ ಜೊತೆ ಬಂದಿದ್ದ ಆದೇಶದ ಪ್ರತಿಯನ್ನು ಮುಂದಿಟ್ಟರು.

ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಜನವರಿಯಲ್ಲಿ ಓದಬೇಕಾದದ್ದನ್ನು ಜುಲೈನಲ್ಲಿ ಓದಿದೆ.

"ಎರಡು ತಿಂಗಳಲ್ಲಿ ಇನ್ನೂರ ಹನ್ನೆರಡು ರೋಗಿಗಳಿಗೆ ಚಿಕಿತ್ಸೆ. ಬೇರೆಡೆಗೆ ಕಳಿಸಿದವರು ಯಾರೂ ಇಲ್ಲ." ಆದ್ದರಿಂದ ಕೇಂದ್ರದ ಡಾಕ್ಟರ ಹುದ್ದೆ ಪೇಟೆ ಆಸ್ಪತ್ರೆಗೆ. ಆದ್ದರಿಂದ ಗುರುವಾರದ ಭೇಟಿ ರದ್ದು. ಆದ್ದರಿಂದ ಆಂಬುಲೆನ್ಸು ಬೇರೆ ಕಡೆಗೆ. ಕೊನೆಯಲ್ಲಿ ಜನವರಿಯ ಫಾರಂನಿಂದ ತೆಗೆದ ನನ್ನ ಹೇಳಿಕೆ, "ಕೇಂದ್ರಕ್ಕೆ ಬರುವ ಎಲ್ಲ ರೋಗಿಗಳನ್ನೂ ನೋಡಿಕೊಳ್ಳಲು ನಾನು ಸಮರ್ಥಳು, ಬೇರೆ ವೈದ್ಯರ ಅಗತ್ಯ ಇರುವುದಿಲ್ಲ." ಅದರ ಕೆಳಗೆ ನನ್ನ ಸಹಿ. ನೀನು ಪೆನ್ಸಿಲಿನಲ್ಲಿ ಗುರುತು ಹಾಕಿದ ಐದನೆಯದೋ ಆರನೆಯದೋ ಜಾಗ.

ಆ ಎಂಬತ್ತೊಂದು ಜನ ಎಲ್ಲಿಗೆ ಹೋದರೋ? ನಾನು ಸ್ಕೇಲು ಹಿಡಿದು ಗೆರೆ ಎಳೆದು ಒಬ್ಬೊಬ್ಬರ ಹೆಸರು ಬರೆದಿದ್ದೆ. ಡಾಕ್ಟರು ಬೇಕು ಅಂತ ತೋರಿಸಲು ಬರೆದ ಹೆಸರುಗಳನ್ನೇ ನೀನು ಡಾಕ್ಟರು ಬೇಡ ಅನ್ನುವ ಲೆಕ್ಕಕ್ಕೆ ಸೇರಿಸಿದೆ. ಬೇರೆ ಯಾರಾದರೂ ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಹೌದು, ಹೌದು, ಹೌದು ಅಂತ ನನಗೆ ಬರೆಯುವಾಗ ನನ್ನ ಸಹಿಯ ಆ ಹೇಳಿಕೆ ನಿನ್ನ ಮೇಜಿನ ಮೇಲೇ ಇತ್ತಲ್ಲೋ! ನನ್ನ ಕಿವಿಗೆ ಹೂವಿಟ್ಟೆ. ಒಡಹುಟ್ಟಿದವನಾಗಿ ಇಟ್ಟೆ.

ಡಾಕ್ಟರಮ್ಮ ನನ್ನನ್ನು ನಂಬಿದ್ದರು, ನಾನು ಬೆನ್ನಿಗೆ ಚೂರಿ ಹಾಕಿದೆ ಅಂತ ಇಷ್ಟು ದಿನ ಅಂದುಕೊಂಡಿದ್ದರು. ದರ್ಜಿಯ ಹೆಂಡತಿ ನಂಬಿದ್ದಳು, ಅವಳೂ ಹಾಗೇ ಅಂದುಕೊಂಡಿದ್ದಾಳೆ. ಇಬ್ಬರ ಮುಂದೆಯೂ ನನಗೆ ತಲೆ ಎತ್ತಲಾಗಲಿಲ್ಲ. ಯಾಕೆ ಹೀಗೆ ಮಾಡಿದೆ ಅಂತ ಹೇಳು. ಸನ್ಮಾನ, ಸೀರೆ ಎಲ್ಲ ನೀನೇ ಇಟ್ಟುಕೋ.

ಅಕ್ಕ

*

ಆಗಸ್ಟ್ ೧೦

ಅಕ್ಕ,

ಕೋಪ ಇಳಿದ ಮೇಲೆ ಓದು ಅಂತ ಕೇಳಿಕೊಳ್ಳುತ್ತೇನೆ.

ಆ ಹುದ್ದೆಗೆ ಹನ್ನೊಂದು ವರ್ಷದಲ್ಲಿ ಏಳು ಸಲ ಜಾಹೀರಾತು ಕೊಟ್ಟೆವು. ಬಂದವರು ಇಬ್ಬರು. ಒಬ್ಬರು ಒಂಬತ್ತು ದಿನ ಇದ್ದರು, ಇನ್ನೊಬ್ಬರು ಬಸ್ಸಿಳಿದು ಕೇಂದ್ರ ನೋಡಿ ಅದೇ ಬಸ್ಸಿಗೆ ವಾಪಸು ಹತ್ತಿದರು. ಖಾಲಿ ಹುದ್ದೆಯಿಂದ ಯಾರ ಜ್ವರ ಇಳಿದಿತ್ತು ಹೇಳು? ಪೇಟೆ ಆಸ್ಪತ್ರೆಯಲ್ಲಿ ಆ ಹುದ್ದೆಗೆ ಒಂದೇ ವಾರದಲ್ಲಿ ಡಾಕ್ಟರು ಸಿಕ್ಕರು. ನಿಮಗೆ ಯಾರೂ ಇಲ್ಲದ ಜಾಗದಲ್ಲಿ ನಿನ್ನನ್ನಾದರೂ ಕೊಟ್ಟೆ. ಯೋಜನೆ ಒಪ್ಪಿಗೆ ಆಗಬೇಕಾದರೆ ಕೇಂದ್ರ "ಭರ್ತಿಯಾಗಿದೆ" ಅಂತ ತೋರಿಸಲೇಬೇಕಿತ್ತು. ಮೇಲಿನವರು ಕೇಳಿದರು, ನಾನು ಮಾಡಿದೆ. ನಿನಗೆ ಮೊದಲೇ ಹೇಳಿದ್ದರೆ ನೀನು ಸಹಿ ಮಾಡುತ್ತಿರಲಿಲ್ಲ.

ಈಗ ಡಾಕ್ಟರಮ್ಮ ದೂರು ಕೊಟ್ಟಿದ್ದಾರೆ. ವಿಚಾರಣೆಯವರು ನಿನ್ನ ರಿಜಿಸ್ಟರು ಕೇಳುತ್ತಾರೆ. ಅಚ್ಚಾದ ನಮೂನೆಯಲ್ಲಿ ಮೂರನೇ ಕಾಲಮ್ಮೇ ಇಲ್ಲ, ಅದನ್ನು ಎಳೆದವಳು ನೀನು. ತಿಳಿಯದೆ ಎಳೆದೆ, ಕಾಲಮ್ಮು ಗೊಂದಲವಾಯಿತು, ಬರೆದದ್ದು ತಪ್ಪಾಗಿರಬಹುದು ಅಂತ ನಾಲ್ಕು ಸಾಲು ಬರೆದುಕೊಡು. ನಿನಗೇನೂ ಆಗುವುದಿಲ್ಲ, ಓದಿಲ್ಲದ ಹೆಂಗಸು ಅಂತ ಬಿಟ್ಟುಬಿಡುತ್ತಾರೆ. ನೀನು ಬರೆದುಕೊಡದಿದ್ದರೆ ನನ್ನ ಕೆಲಸ ಹೋಗುತ್ತದೆ. ನಿನ್ನಂಥ ನಲವತ್ತು ವೈದ್ಯರ ನೇಮಕವೂ ನಿಂತುಹೋಗುತ್ತದೆ. ಇದೊಂದು ಸಲ ಕೈಹಿಡಿ, ಅಕ್ಕ.

ನಿನ್ನ ತಮ್ಮ

*

ಆಗಸ್ಟ್ ೨೪

ತಮ್ಮಾ,

ಓದಿಲ್ಲದ ಹೆಂಗಸು ಅಂತ ಬರೆದಿದ್ದೀಯ. ಓದಲು ಬರುವುದರಿಂದ ಆ ಸಾಲನ್ನು ಮೂರು ಸಲ ಓದಿದೆ. ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ. ನಿನ್ನನ್ನು ನೋಡಿಕೊಳ್ಳಲಿ ಅಂತ ಅಪ್ಪ ನನ್ನನ್ನು ಏಳನೇ ತರಗತಿಗೇ ಶಾಲೆ ಬಿಡಿಸಿದರು. ಅಡುಗೆಮನೆಯಲ್ಲಿ ನಿನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಅದೇ ಕೈಯಿಂದ ಈ ಸಾಲನ್ನು ಬರೆದೆಯಲ್ಲ, ನಿನಗೆ ಏನೂ ಅನ್ನಿಸಲಿಲ್ಲವಾ? ಹುದ್ದೆ ಹೋದದ್ದಕ್ಕಿಂತ, ಸಹಿಗಿಂತ, ನನಗೆ ಹೊಟ್ಟೆ ಉರಿದದ್ದು ಇದಕ್ಕೆ.

ನೀನು ಹೇಳಿದ್ದರಲ್ಲಿ ಒಂದು ನಿಜ ಇದೆ. ಖಾಲಿ ಹುದ್ದೆಯಿಂದ ಯಾರ ಜ್ವರವೂ ಇಳಿದಿರಲಿಲ್ಲ. ಆದರೆ ಕುರ್ಚಿ ಖಾಲಿ ಇದೆ ಅಂತ ಎಲ್ಲರಿಗೂ ಕಾಣುತ್ತಿತ್ತು. ಜನ ಇಲ್ಲಿ ಕಾಯದೆ ನೇರ ಬಸ್ಸು ಹತ್ತುತ್ತಿದ್ದರು, ಫೋನು ಮಾಡಿದರೆ ಗಾಡಿ ಬರುತ್ತಿತ್ತು. ಈಗ ನನ್ನನ್ನು ತೋರಿಸಿ ಎಲ್ಲರೂ ಕೈ ತೊಳೆದುಕೊಂಡರು. ನನ್ನಂಥವರನ್ನು ಕೂರಿಸುವುದು ತಪ್ಪಲ್ಲ ಕಣೋ. ನೂರ ಮೂವತ್ತೊಂದು ಜನ ಬಸ್ಸಿನ ಚಾರ್ಜಿಲ್ಲದೆ, ಅಲೆದಾಟವಿಲ್ಲದೆ ಎದ್ದು ಓಡಾಡುತ್ತಿದ್ದಾರೆ, ಅದು ಸುಳ್ಳಲ್ಲ. ಕಳಿಸಲು ಒಂದು ಜಾಗ ಇದ್ದರೆ ಮಾತ್ರ ನಾವು ಕೆಲಸಕ್ಕೆ ಬರುತ್ತೇವೆ. ನೀನು ಆ ಜಾಗವನ್ನೇ ತೆಗೆದೆ. ನಲವತ್ತು ಕಡೆಯೂ ಹೀಗೇ ಮಾಡುವುದಾದರೆ ನಿಲ್ಲಲಿ ಬಿಡು.

ವಿಚಾರಣೆಯವರಿಗೆ ಒಂಬತ್ತು ಪುಟ ಬರೆದು ಕಳಿಸಿದ್ದೇನೆ. ಓದದೆ ಸಹಿ ಮಾಡಿದ್ದು ನನ್ನ ತಪ್ಪು ಅಂತ ಮೊದಲ ಸಾಲಿನಲ್ಲೇ ಬರೆದೆ. ಮೂರನೇ ಕಾಲಮ್ಮನ್ನು ತಿಳಿದೇ ಎಳೆದೆ, ಯಾಕೆ ಎಳೆದೆ ಅಂತಲೂ ಬರೆದೆ. ರಿಜಿಸ್ಟರನ್ನು ಕೊಟ್ಟೆ. ಹತ್ತನೇ ತಾರೀಖಿನ ನಿನ್ನ ಕಾಗದವನ್ನೂ ಕೊಟ್ಟೆ. ಅದನ್ನು ಕೊಡಬೇಕೋ ಬೇಡವೋ ಅಂತ ನಾಲ್ಕು ದಿನ ಒದ್ದಾಡಿದೆ. ಹರಿದು ಒಲೆಗೆ ಹಾಕೋಣ ಅಂತ ಎರಡು ಸಲ ಒಲೆಯ ಹತ್ತಿರ ಹೋಗಿದ್ದೆ. ನಿನ್ನ ಕೆಲಸ ಹೋಗಬಹುದು, ನನಗೆ ಗೊತ್ತು. ಅದನ್ನು ನೆನೆದು ಅಳುತ್ತಲೇ ಕವರು ಅಂಟಿಸಿದೆ.

ಆಮೇಲೆ ದರ್ಜಿಯ ಅಂಗಡಿಗೆ ಹೋದೆ. ಮಿಷಿನ್ನಿಗೆ ಕೈಯಲ್ಲಿ ತಿರುಗಿಸುವ ಹಿಡಿ ಹಾಕಿಸಿದ್ದಾರೆ. ಹೆಂಡತಿ ತಿರುಗಿಸುತ್ತಾಳೆ, ಅವನು ಬಟ್ಟೆ ಸರಿಸುತ್ತಾನೆ. ಒಬ್ಬರ ವೇಗ ಇನ್ನೊಬ್ಬರಿಗೆ ಇನ್ನೂ ಹೊಂದಿಲ್ಲ, ಹೊಲಿಗೆ ಸೊಟ್ಟ ಬರುತ್ತದೆ, ಬಿಚ್ಚಿ ಮತ್ತೆ ಹೊಲಿಯುತ್ತಾರೆ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಗಾಡಿ ಬರದಿದ್ದುದಕ್ಕೆ ಕಾರಣವಾದ ಕಾಗದದ ಮೇಲೆ ಇದ್ದದ್ದು ನನ್ನ ಸಹಿ ಅಂದೆ, ಅದನ್ನು ತಯಾರು ಮಾಡಿದವನು ನನ್ನ ತಮ್ಮ ಅಂದೆ. ಹೆಂಡತಿ ಹಿಡಿ ಬಿಟ್ಟು ಒಳಗೆ ಹೋದಳು. ಹೊರಗೆ ಬರಲಿಲ್ಲ.

ದರ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೊಟ್ಟ ಬಂದಿದ್ದ ಹೊಲಿಗೆಯನ್ನು ಬಿಚ್ಚಿ ಬಟ್ಟೆ ಪಕ್ಕಕ್ಕಿಟ್ಟ. ಆಮೇಲೆ, "ನಿಮ್ಮ ತಮ್ಮ ಲೆಕ್ಕ ಬರೆದಾಗ ನಾನಿನ್ನೂ ಬಿದ್ದಿರಲಿಲ್ಲ. ಹಾಗಾಗಿ ಅವರಿಗೆ ನಾನು ಯಾರು ಅಂತ ಗೊತ್ತಿಲ್ಲ. ಒಂದು ಸಲ ಬಂದು ನೋಡಿಕೊಂಡು ಹೋಗ್ತಾರಾ, ಕೇಳಿ" ಅಂದ.

ಕೇಳುತ್ತಿದ್ದೇನೆ. ಬಸ್ಸಿಳಿದರೆ ಎದುರಿಗೇ ಅಂಗಡಿ. ನಮ್ಮ ಮನೆಗೆ ಬರಬೇಕಾದರೂ ಅದನ್ನು ದಾಟಿಯೇ ಬರಬೇಕು.

ಅಕ್ಕ